ತುಪ್ಪದ ಡಬ್ಬಿ ಮ್ಯಾಲಿನ ಕಪಾಟಿಗೆ ಇಟ್ಟು ಮಾಡಿದ ಬರ್ತ್‌ಡೇ

ಮೊದಲ ಮಾಡೂ ಕೆಲಸ ಹೇಳ್ತೀನಿ ಕೇಳ್ರಿ, ತುಪ್ಪದ ಡಬ್ಬಿ ಎತ್ತಿ ಯಾರ ಕೈಗೂ ಸಿಗಲಾರದಂಗ ಮ್ಯಾಲಿನ ಕಪಾಟಿನ್ಯಾಗ ಇಟ್ಟ ಬಿಡ್ರಿ. ನಗಬ್ಯಾಡ್ರಿ ಮತ್ತ. ನಮ್ಮ ಮೊಮ್ಮಗ ವೀಗನ್, ಅಂದ್ರ ಹಾಲು ತುಪ್ಪ ಹಿಡದು ಪ್ರಾಣಿಯಿಂದ ಬಂದದ್ದು ಏನೂ ತಿನ್ನೂದಿಲ್ಲ. ಹ್ವಾದ ವರ್ಷ ಅವನ ಬರ್ತ್‌ಡೇಕ್ಕ ಬೆಳಿಗ್ಗಿಂದ ನಿಂತು ಗೋಧಿ ಹುಗ್ಗಿ ಮಾಡಿದ್ದೆ, ಹಾಲಿಲ್ಲ ತುಪ್ಪಿಲ್ಲ ಎಲ್ಲಾ ಬರೋಬ್ಬರಿ ಇತ್ತು, ಇನ್ನೇನ್ ಬಡಸಬೇಕು ಅನ್ನೂದ್ರಾಗ ನಮ್ಮ ನೆಗೆಣ್ಣಿ "ಅಯ್ಯ ಒಣಾ ಹುಗ್ಗಿ ಹೆಂಗ ಕೊಡ್ತೀಯವಾ ಕೂಸಿಗೆ" ಅಂತ ಸೌಟ್ ತುಂಬ ತುಪ್ಪ ಪಾತೇಲಿಗೇ ಸುರದ್ಲು. ಅಕಿದೇನ್ ತಪ್ಪಿಲ್ರಿ, ನಮ್ ಕಡೆ ಪ್ರೀತಿ ಅಂದ್ರ ತುಪ್ಪಾನ. ಆದ್ರ ಅವತ್ತ ಬಂದ ಮಂದಿ ಎಲ್ಲಾ ಹುಗ್ಗಿ ಉಂಡ್ರು, ಬರ್ತ್‌ಡೇ ಹುಡುಗ ಬಾಳಿಹಣ್ಣು ತಿಂದ. ಅತ್ತಿದ್ರ ಸಮಾಧಾನ ಮಾಡಬಹುದಿತ್ತು, ಅಂವ ಅಳಲೂ ಇಲ್ಲ.

ಮಗ ಸೊಸಿ ವೀಗನ್ ಆಗಿ ಎರಡ ವರ್ಷ ಆತು. ನಮ್ದು ಮೊದಲಿಂದ ತತ್ತಿ ಮಾಂಸ ಮುಟ್ಟಲಾರದ ಮನಿ, ಅರ್ಧಾ ಕೆಲಸ ಆಗೇ ಐತಲ್ಲ ಅನ್ಕೊಂಡಿದ್ದೆ ನಾನು. ಹಾಲು, ಮಸರು, ಬೆಣ್ಣಿ, ತುಪ್ಪ, ಖವಾ, ಪನೀರ್, ಜೇನುತುಪ್ಪ ಎಲ್ಲಾ ತಗದ ಮ್ಯಾಲ ಗೊತ್ತಾತು ನಮ್ಮ ಸಿಹಿ ಅಡಗಿ ಎಷ್ಟು ಆಕಳಾ ಎಮ್ಮಿ ಮ್ಯಾಲ ನಿಂತೈತಿ ಅಂತ. ಪಾಕೀಟಿನ ಮ್ಯಾಲ ಹಸರ ಚುಕ್ಕಿ ಐತಿ ಅಂತ ಬಿಸ್ಕೀಟ್ ಚಾಕ್ಲೇಟ್ ತಂದ ಇಟ್ಕೋಬ್ಯಾಡ್ರಿ, ಆ ಚುಕ್ಕಿಗೆ ಹಾಲು ಜೇನು ಎಲ್ಲಾ ನಡೀತೈತಿ. ವೀಗನ್ನಿಗೆ ಬ್ಯಾರೆ ಹಸರ 'ವಿ' ಗುರ್ತು ಐತಿ, 2022ರ ನಿಯಮದಾಗ ಬಂದದ್ದು, ಆದ್ರ ನಮ್ ಓಣಿ ಅಂಗಡ್ಯಾಗ ಅದು ಕಾಣೂದು ಅಪರೂಪ, ಅದಕ್ಕ ಹಿಂದಿನ ಸಣ್ಣ ಅಕ್ಷರ ಚಸ್ಮಾ ಹಾಕ್ಕೊಂಡ ಓದ್ರಿ. ಮಿಲ್ಕ್ ಸಾಲಿಡ್ಸ್, ವ್ಹೇ, ಕೇಸಿನೇಟ್ ಅಂತ ಇದ್ರ ಅದು ಹಾಲಿಂದs. ಕೇಕಿನ ಕ್ರೀಮಿನ ಡಬ್ಬಿ ಮ್ಯಾಲ 'ನಾನ್ ಡೈರಿ' ಅಂತ ದೊಡ್ಡದಾಗಿ ಬರದಿರ್ತಾರ, ಒಳಗ ಕೇಸಿನೇಟ್ ಇರ್ತೈತಿ, ನಾನೂ ಒಮ್ಮೆ ಮೋಸ ಹೋಗೀನಿ. ಜೆಲ್ಲಿ ಮಿಠಾಯಿ ಅಂತೂ ಬ್ಯಾಡೇ ಬ್ಯಾಡ, ಭಾಳಷ್ಟರಾಗ ಜೆಲಾಟಿನ್ ಇರ್ತೈತಿ, ಅದು ದನದ್ದೋ ಹಂದಿದೋ ಚರ್ಮಾ ಎಲಬಾ ಕುದಿಸಿ ತಗದದ್ದು.

ಈ ಸಲ ಹುಡುಗಗ ಆರು ತುಂಬಿದ್ವು, ಥೀಮ್ ಏನ್ ಬೇಕೋ ಅಂದ್ರ "ರೈಲು" ಅಂದ. ಹುಬ್ಬಳ್ಳಿ ಹುಡುಗ ಮತ್ತೇನ್ ಅಂತಾನ, ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಉದ್ದಂದು ಅಂತ ಬಂದೋರಿಗೆಲ್ಲಾ ಪಾಠ ಹೇಳೂ ಹುಡುಗ ಅಂವ. ನಂಗ ಇದರಾಗ ಒಂದ ಐಡಿಯಾ ಸಿಕ್ತು. ಬಲೂನ್ ಪೋಸ್ಟರಿಗೆ ರೊಕ್ಕಾ ಸುರಿಯೂದು ಬಿಟ್ಟು ಊಟಾನ ಥೀಮ್ ಮಾಡಿದ್ವಿ. ಪಡಸಾಲಿ ಉದ್ದಕ್ಕ ಬಿಳಿ ಕಾಗದ ಹಾಸಿ ಹಳಿ ಬರದು, ಒಂದೊಂದ ಕಡೆ ಒಂದೊಂದ ಸ್ಟೇಷನ್ ಬೋರ್ಡ್ ಇಟ್ಟು, ಹುಡುಗರ ಕೈಯಾಗ ರಟ್ಟಿನ ಟಿಕೀಟ್ ಕೊಟ್ವಿ. ಸ್ಟೇಷನ್ ಬಂದಂಗ ಅಲ್ಲಿ ತಿನಿಸು. ಇದರಾಗ ನಂದು ಒಂದ ಹಟ ಇತ್ತು, ಎಲ್ಲಾರಿಗೂ ಒಂದ ಅಡಗಿ. ಹುಡುಗಗ ಬ್ಯಾರೆ ಡಬ್ಬಿ, ಉಳದೋರಿಗೆ ಬ್ಯಾರೆ ಕೇಕ್ ಅನ್ನೂದು ಯಾರಿಗೂ ಬ್ಯಾಡ್ರಿ, ಇಪ್ಪತ್ತೆರಡ ಹುಡುಗರು ಬಂದಿದ್ರು, ವೀಗನ್ ಅಂತ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹುಬ್ಬಳ್ಳಿ ಸ್ಟೇಷನ್ನಿಗೆ ಗಿರಮಿಟ್, ಅಂದ್ರ ಗೊಜ್ಜು ಹಾಕಿ ಕಲಸಿದ ಚುರುಮುರಿ. ಇದಕ್ಕ ಏನೂ ಬದಲಿ ಮಾಡೂದಿಲ್ಲ, ಅದು ಹುಟ್ಟಿದ್ದs ವೀಗನ್. ಉಳ್ಳಾಗಡ್ಡಿ ಒಗ್ಗರಣಿಗೆ ಹುಣಸಿ ರಸ, ಬೆಲ್ಲ ಹಾಕಿ ಗೊಜ್ಜು ಹಿಂದಿನ ದಿನಾನ ಮಾಡಿ ಇಡಬಹುದು, ಪುಟಾಣಿ ಹಿಟ್ಟು ಬ್ಯಾರೆ ಇರಲಿ. ಇಪ್ಪತ್ತೈದ ಹುಡುಗರಿಗೆ ಒಂದ ಕಿಲೋ ಚುರುಮುರಿ ಸಾಕು. ಆದ್ರ ಒಮ್ಮೆಲೆ ಕಲಸಬ್ಯಾಡ್ರಿ, ಐದ ನಿಮಿಷದಾಗ ಮೆತ್ತಗ ಆಗಿ ಚುರುಮುರಿ ಹೋಗಿ ಉಪ್ಪಿಟ್ಟ ಆಗ್ತೈತಿ, ಐದೈದ ಹುಡುಗರು ಬಂದಂಗ ಐದೈದಕ್ಕs ಕಲಸ್ರಿ. ಗಿರಮಿಟ್ಟಿನ ಜೋಡಿ ಮಿರ್ಚಿ ಭಜಿ ಬದಲಿ ಬಟಾಟಿ ಭಜಿ, ಹಸಿಮೆಣಸಿನಕಾಯಿದು ದೊಡ್ಡೋರಿಗೆ ಅಡಗಿಮನ್ಯಾಗ.

ಅಣ್ಣಿಗೇರಿ ಸ್ಟೇಷನ್ನಿಗೆ ಢೋಕಳಾ, ಆ ಕಡೆ ಎರಿ ಹೊಲದಾಗ ಕಡ್ಲಿ ಬೆಳೀತಾರಲ್ಲ ಅದಕ್ಕ ಕಡ್ಲಿ ಹಿಟ್ಟಿಂದು. ಮಸರಿನ ಬದಲಿ ನಿಂಬಿಹಣ್ಣಿನ ರಸ ಹಾಕಿ ಹಿಟ್ಟು ಕಲಸಿ, ಹಬಿಗೆ ಇಡೂ ಮುಂದ ಕಡೀಕ ಇನೋ ಹಾಕ್ರಿ, ಮೊದಲ ಹಾಕಿದ್ರ ಬುರುಗ ಎಲ್ಲಾ ಹೋಗಿ ಚಪ್ಪಟಿ ಆಗ್ತೈತಿ. ಉದ್ದಕ ಚೌಕ ಕೊಯ್ದು, ಗಜ್ಜರಿ ದುಂಡಗ ಕೊಯ್ದ ಗಾಲಿ ಮಾಡಿ ಕಡ್ಡಿ ಚುಚ್ಚಿದ್ರ ಬೋಗಿ ಆತು. ಸಣ್ಣ ಹುಡುಗರಿಗೆ ಕೊಡೂ ಮುಂದ ಕಡ್ಡಿ ತಗೀರಿ.

ಹಾವೇರಿಗೆ ಕುಸುಬಿ ಹಾಲಿನ ಪಾಯಸ, ಏಲಕ್ಕಿ ಘಮ್ ಅನ್ನಂಗ. ಈಗಿನೋರು ಬಾದಾಮಿ ಹಾಲು, ಸೋಯಾ ಹಾಲು ಅಂತ ಪಾಕೀಟ್ ತರ್ತಾರ, ನಮ್ಮವ್ವ ಕುಸುಬಿ ರಾತ್ರಿ ನೆನಸಿ, ರುಬ್ಬಿ, ಅರಿವ್ಯಾಗ ಹಿಂಡಿ ಹಾಲು ತಗೀತಿದ್ಲು, ವೀಗನ್ ಅನ್ನೂ ಶಬ್ದಾನ ಕೇಳಿರಲಿಲ್ಲ ಅಕಿ. ಒಂದ ಮಾತು, ಕುಸುಬಿ ಸಿಪ್ಪಿ ಬಿರುಸು, ಎರಡ ಸಲ ಸೋಸ್ರಿ, ಇಲ್ಲಾಂದ್ರ ಹುಡುಗರ ಗಂಟಲಾಗ ಕೆರೀತೈತಿ. ಗೋಧಿ ರವಾ ಮೊದಲ ನೀರಾಗ ಪೂರ್ತಿ ಬೇಯಿಸಿ ಆಮ್ಯಾಲ ಹಾಲು ಬೆಲ್ಲ ಹಾಕಿ ಸಣ್ಣ ಉರಿ ಮ್ಯಾಲ ಕೈಯಾಡಿಸ್ಕೋತ ಇರ್ರಿ, ದೊಡ್ಡ ಉರಿ ಇಟ್ರ ಒಡೀತೈತಿ.

ಧಾರವಾಡ ಸ್ಟೇಷನ್ನೇ ತಲಿನೋವು ಆತು. ಧಾರವಾಡ ಅಂದ್ರ ಪೇಢೆ, ಪೇಢೆ ಅಂದ್ರ ಹಾಲು. ಸೊಸಿ "ಅತ್ತಿ, ಗೋಡಂಬಿ ಪುಡಿಲೆ ಪೇಢೆ ಮಾಡೂಣು" ಅಂದ್ಲು, ನಾ ಒಪ್ಪಲಿಲ್ಲ. ಹಾಲು ಬತ್ತಿಸಿ ಕೆಂಪಗ ಹುರದದ್ದಕ್ಕ ಪೇಢೆ ಅಂತಾರ, ಬ್ಯಾರೆದಕ್ಕ ಆ ಹೆಸರ ಇಟ್ರ ಹುಡುಗರು ಒಂದ ತುತ್ತಿಗೆ ಹಿಡೀತಾರ. ಮೇ ತಿಂಗಳಿತ್ತು, ಧಾರವಾಡದ ಆಪೂಸ್ ಹಣ್ಣು ಹೆಚ್ಚಿ ಇಟ್ವಿ. ಅಷ್ಟೂ ಸ್ಟೇಷನ್ನಿನ್ಯಾಗ ಮೊದಲ ಖಾಲಿ ಆದದ್ದು ಅದs.

ಕೇಕ್ ಹೇಳ್ತೀನಿ. ಒಂದೂವರಿ ಕಪ್ ಮೈದಾ, ಒಂದ ಕಪ್ ಸಕ್ರಿ ಪುಡಿ, ಮೂರ ದೊಡ್ಡ ಚಮಚ ಕೋಕೋ, ಒಂದ ಸಣ್ಣ ಚಮಚ ಅಡಗಿ ಸೋಡಾ, ಅರ್ಧಾ ಚಮಚ ಉಪ್ಪು, ಎಲ್ಲಾ ಜರಡಿ ಹಿಡದು ಇಟ್ಕೋರಿ. ಒಂದ ಕಪ್ ನೀರು, ಐದ ದೊಡ್ಡ ಚಮಚ ಎಣ್ಣಿ, ಒಂದ ದೊಡ್ಡ ಚಮಚ ವಿನೆಗರ್ ಹಾಕಿ ಕಲಸ್ರಿ. ಮನ್ಯಾಗ ಶೇಂಗಾ ಎಣ್ಣಿ ಐತಿ ಅಂತ ಅದನ್ನ ಹಾಕೀರಿ ಮತ್ತ, ಕೇಕೆಲ್ಲಾ ಒಗ್ಗರಣಿ ವಾಸನಿ ಹೊಡೀತೈತಿ, ಸೂರ್ಯಕಾಂತಿದು ಹಾಕ್ರಿ. ವಿನೆಗರ್ ಸೋಡಾ ಕೂಡಿದ ಕೂಡ್ಲೆ ಗುಳ್ಳಿ ಏಳ್ತಾವ, ಕೇಕ್ ಉಬ್ಬೂದು ಅದರಿಂದಾನ, ಅದಕ್ಕ ಕಲಸಿ ಫೋನಿನ್ಯಾಗ ಮಾತಾಡ್ಕೋತ ನಿಂದರಬ್ಯಾಡ್ರಿ. ಓವನ್ ಇದ್ರ 180 ಡಿಗ್ರಿ, ಮೂವತ್ತರಿಂದ ಮೂವತ್ತೈದ ನಿಮಿಷ. ಇಲ್ಲಾಂದ್ರ ಕುಕ್ಕರಿನ ತಳಕ್ಕ ಉಪ್ಪು ಹರವಿ, ರಬ್ಬರ್, ಸೀಟಿ ಎರಡೂ ತಗದು, ಹತ್ತ ನಿಮಿಷ ಕಾಯಿಸಿ, ಆಮ್ಯಾಲ ಪಾತ್ರಿ ಇಟ್ಟು ಸಣ್ಣ ಉರಿ ಮ್ಯಾಲ ನಲವತ್ತ ನಿಮಿಷ. ತೆಂಗಿನ ಹಾಲಿನ ಕ್ರೀಮ್ ಛಲೋ ಇರ್ತೈತಿ, ಆದ್ರ ಮೇ ತಿಂಗಳಾಗ ಕರೆಂಟ್ ಹೋತು ಅಂದ್ರ ಜಾರಿ ತಟ್ಟಿಗೆ ಬರ್ತೈತಿ, ನಾವು ಬರೇ ಕೋಕೋ ಸಕ್ರಿ ಉದುರಿಸಿ, ಮನ್ಯಾಗ ಎಣ್ಣಿ ಸವರಿದ ತಾಟಿನ್ಯಾಗ ಹಾಕಿದ ದುಂಡನ ಶೇಂಗಾ ಚಿಕ್ಕಿ ಹಚ್ಚಿ ಇಂಜಿನ್ ಗಾಲಿ ಮಾಡಬೇಕಂದಿದ್ವಿ.

ಶೇಂಗಾದ ಮಾತು ಬಂತಲ್ಲ, ಇದು ಮರೀಬ್ಯಾಡ್ರಿ. ಹುಡುಗರನ್ನ ಬರ್ತ್‌ಡೇಕ್ಕ ಕರಿಯೂ ಮುಂದs ತಾಯಿತಂದಿಗೆ ಫೋನಿನ್ಯಾಗ ಕೇಳ್ರಿ, ಹುಡುಗಗ ಶೇಂಗಾ, ಗೋಡಂಬಿ, ಎಳ್ಳು ಆಗೂದಿಲ್ಲೇನು ಅಂತ. ಹಾಲು ತಗದ ಕೂಡ್ಲೆ ನಮ್ಮ ಕೈ ತಾನs ಶೇಂಗಾ ಕಡೆ ಹೋಗ್ತೈತಿ, ಕೆಲವು ಹುಡುಗರಿಗೆ ಅದು ಜೀವಕ್ಕ ಬರ್ತೈತಿ. ಈ ಸಲ ಒಂದ ಹುಡುಗಿಗೆ ಆಗ್ತಿರಲಿಲ್ಲ, ಅಕಿ ತಾಯಿ ಮೊದಲ ಹೇಳಿದ್ಲು, ಚಿಕ್ಕಿ ಗಾಲಿ ಬಿಟ್ಟು ಗಜ್ಜರಿ ಗಾಲಿ ಹಚ್ಚಿದ್ವಿ, ಅಕಿಗೆ ಒಬ್ಬಾಕಿಗೆ ಅಲ್ಲ, ಇಡೀ ಕೇಕಿಗೆ. ಭಜಿ ಎಣ್ಣಿನೂ ಬದಲಿ ಮಾಡಿದ್ವಿ. ಐದ ವರ್ಷದ ಒಳಗಿನ ಕೂಸುಗಳಿಗೆ ಇಡೀ ಶೇಂಗಾ ಹೆಂಗೂ ಕೊಡಬ್ಯಾಡ್ರಿ, ಗಂಟಲಾಗ ಸಿಕ್ಕೊಂತಾವ.

ದೊಡ್ಡೋರ ಚಹಾಕ್ಕ ಶೇಂಗಾ ಹಾಲು ಹಾಕಿ ನೋಡಿದ್ದೆ ಮುಂಚೆ, ನಂಗಂತೂ ಸೇರಲಿಲ್ಲ, ನಮ್ಮ ಮನಿಯವ್ರು ಕಪ್ಪು ಅಲ್ಲೇ ಇಟ್ಟ ಎದ್ದ ಹ್ವಾದ್ರು. ನಿಂಬಿಹಣ್ಣಿನ ಶರಬತ್ ಮಾಡ್ರಿ, ಬಿಸಲಿಗೂ ಅದs ಛಲೋ.

ರಿಟರ್ನ್ ಗಿಫ್ಟಿಗೆ ಚಾಕ್ಲೇಟ್ ಬದಲಿ ಹಸರ ಕೆಂಪು ಬಾವುಟಾ, ಗಾರ್ಡ್ ಊದೂವಂಥ ಸೀಟಿ ಕೊಟ್ವಿ. ಬಾವುಟಾ ಅಷ್ಟ ಕೊಡ್ರಿ. ಸೀಟಿ ಕೊಟ್ಟದ್ದಕ್ಕ ಓಣ್ಯಾಗ ಮೂರ ಮನಿಯೋರು ಇನ್ನೂ ನನ್ನ ಮಾರಿ ನೋಡಿ ಮಾತಾಡವೊಲ್ರು.