ಮೊದಲ ಭಾಷಣಕ್ಕೆ ಮುಂಚೆ ಟೈಮರ್ ಆಗಿ

ಟೋಸ್ಟ್‌ಮಾಸ್ಟರ್ಸ್ ಅಂದರೆ ಜನರ ಮುಂದೆ ಮಾತಾಡುವುದನ್ನು ಅಭ್ಯಾಸ ಮಾಡುವ ಕ್ಲಬ್. ಅದಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವುದು, ‘ಯಾವ ವಿಷಯದ ಮೇಲೆ ಮಾತಾಡಲಿ?’ ನಾನು ಹೇಳುತ್ತೇನೆ: ‘ವಿಷಯ ಆಮೇಲೆ ನೋಡೋಣ. ಮುಂದಿನ ಸಭೆಗೆ ಟೈಮರ್ ಆಗ್ತೀರಾ?’ ಅವರ ಮುಖ ಸಪ್ಪಗಾಗುತ್ತದೆ. ಮಾತು ಕಲಿಯಲು ಬಂದವರಿಗೆ ಗಡಿಯಾರ ಕಾಯಲು ಹೇಳಿದರೆ ಇನ್ನೇನಾಗುತ್ತೆ! ಆದರೂ ನನ್ನ ಹಟ ಅದೇ.

ಮೊದಲು ಸುಮ್ನೆ ಕೂತು ನೋಡಿ

ಅತಿಥಿಯಾಗಿ ಒಂದು ಸಭೆಗೆ ಹೋಗಿ. ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ ನಡೆಯುತ್ತದೆ. ಅದರಲ್ಲಿ ಮೂರು ಭಾಗ: ತಯಾರಿ ಮಾಡಿಕೊಂಡು ಬಂದ ಭಾಷಣಗಳು, ಸ್ಥಳದಲ್ಲೇ ಪ್ರಶ್ನೆ ಕೊಟ್ಟು ಮಾತಾಡಿಸುವ ‘ಟೇಬಲ್ ಟಾಪಿಕ್ಸ್’, ಕೊನೆಗೆ ಭಾಷಣಗಳ ಮೌಲ್ಯಮಾಪನ. ನಿಮ್ಮನ್ನೂ ಮಾತಾಡಲು ಕರೆಯಬಹುದು. ಇವತ್ತು ಬೇಡ ಅಂದರೆ ಆಯಿತು.

ಅಲ್ಲಿ ಮೇಷ್ಟ್ರು ಅಂತ ಯಾರೂ ಇರುವುದಿಲ್ಲ. ಸಂಸ್ಥಾಪಕ ರಾಲ್ಫ್ ಸ್ಮೆಡ್ಲಿ 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಮೊದಲ ಸಭೆ ಸೇರಿಸಿದಾಗಿನಿಂದ ಪದ್ಧತಿ ಇದೇ. ಸದಸ್ಯರೇ ಮಾತಾಡಬೇಕು, ಸದಸ್ಯರೇ ತಿದ್ದಬೇಕು.

ಆಮೇಲೆ ಗಡಿಯಾರ ಹಿಡಿಯಿರಿ

ಟೈಮರ್ ಬಳಿ ಒಂದು ಸ್ಟಾಪ್‌ವಾಚ್, ಮೂರು ಕಾರ್ಡ್ ಇರುತ್ತವೆ. ಹೊಸಬರ ಮೊದಲ ಭಾಷಣ, ಅಂದರೆ ‘ಐಸ್ ಬ್ರೇಕರ್’, 4ರಿಂದ 6 ನಿಮಿಷದ್ದು. 4ಕ್ಕೆ ಹಸಿರು, 5ಕ್ಕೆ ಹಳದಿ, 6ಕ್ಕೆ ಕೆಂಪು ಕಾರ್ಡ್ ಎತ್ತಬೇಕು. ಕೆಂಪಿನ ಮೇಲೆ 30 ಸೆಕೆಂಡ್ ರಿಯಾಯಿತಿ. ಮಾಮೂಲಿ ಭಾಷಣ 5ರಿಂದ 7 ನಿಮಿಷ, ಟೇಬಲ್ ಟಾಪಿಕ್ಸ್ ಉತ್ತರ 1ರಿಂದ 2 ನಿಮಿಷ.

ಕೆಲಸ ಇಷ್ಟೇ. ಆದರೆ ಗಡಿಯಾರ ಕೈಯಲ್ಲಿದ್ದರೆ ಕಿವಿ ಬೇರೆ ಥರ ಕೇಳುತ್ತದೆ. ಒಬ್ಬರು ಎಲ್ಲರಿಗೂ ನಮಸ್ಕಾರ ಹೇಳಿ, ತಾವು ಮಾತಿನಲ್ಲಿ ಹಿಂದೆ ಅಂತ ಕ್ಷಮೆ ಕೇಳಿ, ವಿಷಯಕ್ಕೆ ಬರುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿರುತ್ತದೆ. ಇನ್ನೊಬ್ಬರು ಕೆಂಪು ಕಾರ್ಡ್ ನೋಡಿದ ಮೇಲೆ ‘ಕೊನೆಯದಾಗಿ’ ಅನ್ನುತ್ತಾರೆ, ಮತ್ತೆ ‘ಇನ್ನೊಂದೇ ಮಾತು’ ಅನ್ನುತ್ತಾರೆ. ಸುಮ್ಮನೆ ಕೇಳುತ್ತಾ ಕೂತವರಿಗೆ ಇದು ‘ಸ್ವಲ್ಪ ಜಾಸ್ತಿ ಆಯ್ತು’ ಅಷ್ಟೇ. ಟೈಮರ್‌ಗೆ ಮಾತ್ರ ಯಾವ ನಿಮಿಷ ಎಲ್ಲಿ ಸೋರಿತು ಅಂತ ಗೊತ್ತಿರುತ್ತದೆ. ಎರಡು ಸಭೆ ಈ ಕೆಲಸ ಮಾಡಿ. ಕೊನೆಗೆ ಎದ್ದು ನಿಂತು ವರದಿ ಓದಬೇಕಲ್ಲ, ಸಭೆಯ ಮುಂದೆ ನಿಮ್ಮ ಬಾಯಿ ತೆರೆದಂತೆಯೂ ಆಯಿತು.

ಒಂದೇ ಘಟನೆ ಆರಿಸಿ

ಐಸ್ ಬ್ರೇಕರ್ ನಿಮ್ಮ ಬಗ್ಗೆಯೇ ಇರಬೇಕು. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಅಂತ ಸಾಲಾಗಿ ಹೇಳಿದರೆ ಅರ್ಜಿ ಓದಿದ ಹಾಗಿರುತ್ತದೆ. ಒಂದು ಘಟನೆ ಸಾಕು. ಈಜು ಕಲಿಯಲು ಹೋಗಿ ನೀರಿಗೇ ಇಳಿಯದೆ ವಾಪಸ್ ಬಂದ ದಿನವಾದರೂ ಆದೀತು. ನೀವು ಯಾರು ಅನ್ನುವುದು ಅದರಲ್ಲೇ ಕಾಣುತ್ತದೆ.

ಬರೆದದ್ದನ್ನು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದ ಲೆಕ್ಕ ಲೆಕ್ಕವಲ್ಲ. 5 ನಿಮಿಷಕ್ಕೆ ಮುಗಿಯಬೇಕು. ಸಭೆಯಲ್ಲಿ ಜನ ನಕ್ಕರೆ ನಿಲ್ಲಬೇಕಾಗುತ್ತದೆ, ಅದಕ್ಕೂ ಜಾಗ ಬೇಕು. ಜಾಸ್ತಿಯಾದರೆ ವೇಗ ಹೆಚ್ಚಿಸಬೇಡಿ, ಒಂದು ತುಂಡು ಕಿತ್ತುಹಾಕಿ. ಮೊದಲ ವಾಕ್ಯ, ಕೊನೆಯ ವಾಕ್ಯ ಬಾಯಿಪಾಠ ಇರಲಿ. ನಡುವಿನದಕ್ಕೆ ಚೀಟಿಯಲ್ಲಿ ನಾಲ್ಕು ಪದ ಸಾಕು.

ವೇದಿಕೆಯಲ್ಲಿ

ಸಭೆ ನಡೆಸುವವರು ಕೈಕುಲುಕಿ ಜಾಗ ಬಿಟ್ಟುಕೊಡುತ್ತಾರೆ. ತಕ್ಷಣ ಶುರು ಮಾಡಬೇಡಿ. ಒಂದು ಉಸಿರು ತೆಗೆದುಕೊಂಡು, ಒಬ್ಬರ ಮುಖ ನೋಡಿ, ಆಮೇಲೆ ಬಾಯಿ ತೆರೆಯಿರಿ.

ಮೂಲೆಯಲ್ಲಿ ‘ಆ ಕೌಂಟರ್’ (Ah-Counter), ಅಂದರೆ ತಡವರಿಕೆಯ ಪದಗಳನ್ನು ಎಣಿಸುವವರು, ಕೂತಿರುತ್ತಾರೆ. ನೀವು ‘ಆ...’, ‘ಅಂದ್ರೆ’, ‘ಏನಪ್ಪಾ ಅಂದ್ರೆ’ ಅಂದಾಗಲೆಲ್ಲ ಗೀಟು ಹಾಕುತ್ತಾರೆ. ನನ್ನ ಮೊದಲ ಭಾಷಣದಲ್ಲಿ ‘ಆಮೇಲೆ’ 17 ಸಲ ಬಂದಿತ್ತು. ನಾನು ನಂಬಲೇ ಇಲ್ಲ. ಇದಕ್ಕೆ ನನಗೆ ಸಿಕ್ಕ ಮದ್ದು ಒಂದೇ: ಪದ ಹೊಳೆಯದಿದ್ದರೆ ಬಾಯಿ ಮುಚ್ಚಿಕೊಂಡಿರುವುದು. ನಿಮಗೆ ಯುಗದಂತೆ ಅನಿಸುವ ಆ ಎರಡು ಸೆಕೆಂಡ್ ಕೇಳುವವರ ಗಮನಕ್ಕೂ ಬರುವುದಿಲ್ಲ.

ಮೌಲ್ಯಮಾಪಕರಿಗೆ ಮೊದಲೇ ಹೇಳಿಡಿ

ನಿಮ್ಮ ಭಾಷಣದ ಬಗ್ಗೆ ಒಬ್ಬರು 2ರಿಂದ 3 ನಿಮಿಷ ಮಾತಾಡುತ್ತಾರೆ. ಹೊಸಬರನ್ನು ನೋಯಿಸಬಾರದು ಅಂತ ಅವರು ಬರೀ ಹೊಗಳಿಬಿಡುವ ಅಪಾಯ ಇದೆ. ಕೇಳಲು ಹಿತ, ಉಪಯೋಗ ಕಡಿಮೆ. ಹಾಗಾಗಿ ಸಭೆಗೆ ಮುಂಚೆಯೇ ಅವರನ್ನು ಕಂಡು, ‘ನನ್ನ ಕೈ ಏನು ಮಾಡುತ್ತೆ ನೋಡಿ’ ಅಂತಲೋ, ‘ಕೊನೆ ಕೇಳಿಸುತ್ತಾ ನೋಡಿ’ ಅಂತಲೋ ಒಂದೇ ಕೆಲಸ ಒಪ್ಪಿಸಿ. ಅವರು ಹೇಳುವಾಗ ಬರೆದುಕೊಳ್ಳಿ. ‘ಅದು ಹಾಗಲ್ಲ’ ಅಂತ ಸಮಜಾಯಿಷಿ ಕೊಡಬೇಡಿ.

ಮನೆಗೆ ಹೊರಡುವ ಮುಂಚೆ ಆ ದಿನದ ಟೈಮರ್ ಹತ್ತಿರ ನಿಮ್ಮ ಲೆಕ್ಕ ಕೇಳಿ. 6 ನಿಮಿಷ 40 ಸೆಕೆಂಡ್ ಅಂದರೆ, ಆ ಹೆಚ್ಚಿನ 40 ಸೆಕೆಂಡ್ ಎಲ್ಲಿ ಹೋಯಿತು ಅಂತ ಈಗ ನಿಮಗೇ ಗೊತ್ತಿರುತ್ತದೆ. ಅದನ್ನು ಚೀಟಿಯ ಹಿಂದೆ ಬರೆದುಕೊಂಡು, ಭಾಷಣಗಳ ಪಟ್ಟಿ ನೋಡಿಕೊಳ್ಳುವ ಉಪಾಧ್ಯಕ್ಷರ ಬಳಿ ಎರಡನೆಯದಕ್ಕೆ ದಿನ ಗೊತ್ತುಮಾಡಿಕೊಳ್ಳಿ.