ಗೊರಗೊರ ಇಲ್ಲದೆ ಕೇಳಬೇಕಾ? ಹೊಲದಲ್ಲೊಂದು ಬೆವರೇಜ್ ಆಂಟೆನಾ ಎಳೆಯಿರಿ

ರಾಯಚೂರು, ಸಿಂಧನೂರು ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಉತ್ಸಾಹದಿಂದ ಹೊಲದಲ್ಲಿ ಬೆವರೇಜ್ ಆಂಟೆನಾ, ಅಂದರೆ ನೆಲಕ್ಕೆ ಹತ್ತಿರದಲ್ಲೇ ಎಳೆದ ಉದ್ದನೆಯ ತಂತಿ, ಕಟ್ಟುತ್ತಾರೆ. ಸದ್ದು ಕಡಿಮೆಯಾಗಲಿಲ್ಲ ಅಂತ ಸ್ವಲ್ಪ ದಿನದಲ್ಲೇ ಬಿಚ್ಚಿ ಸುತ್ತಿಡುತ್ತಾರೆ. ಬಹಳ ಸಲ ತಪ್ಪು ತಂತಿಯದ್ದಲ್ಲ, ತಂತಿಯಿಂದ ರೇಡಿಯೊಗೆ ಬರುವ ಕೇಬಲ್‌ನದ್ದು.

ಹೆರಾಲ್ಡ್ ಬೆವರೇಜ್ ಇಬ್ಬರು ಜೊತೆಗಾರರೊಂದಿಗೆ ಈ ಆಂಟೆನಾ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 1923ರಲ್ಲಿ. ಇವತ್ತಿಗೂ 160 ಮತ್ತು 80 ಮೀಟರ್ ಬ್ಯಾಂಡ್ (ಅಲೆಯ ಉದ್ದದ ಲೆಕ್ಕದ ಹೆಸರು) ಕೇಳಲು ಇದರಷ್ಟು ಅಗ್ಗದ್ದು ನನಗಂತೂ ಕಂಡಿಲ್ಲ. ಜಾಗ ಮಾತ್ರ ಜಾಸ್ತಿ ಬೇಕು. ಇದು ಕೇಳಲಿಕ್ಕೆ ಮಾತ್ರ, ಇದಕ್ಕೆ ಟ್ರಾನ್ಸ್‌ಮಿಟರ್ ಜೋಡಿಸಬೇಡಿ.

ತಂತಿ ತರುವ ಮೊದಲು ಮನೆಯ ಗದ್ದಲ ನೋಡಿಕೊಳ್ಳಿ. ರೇಡಿಯೊವನ್ನು ಬ್ಯಾಟರಿ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್, ಇನ್ವರ್ಟರ್ ಎರಡನ್ನೂ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಒಳಗೇ ಇದ್ದಾನೆ: ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್. ಪಂಪ್‌ಸೆಟ್‌ಗೆ ತ್ರೀ ಫೇಸ್ ಬಂದ ಹೊತ್ತಿಗೇ ಶುರುವಾಗುತ್ತದೆ ಅಂದರೆ ಲೈನು ಅಥವಾ ಸ್ಟಾರ್ಟರ್ ಕಡೆ ನೋಡಿ. ಸೆಕೆಂಡಿಗೊಮ್ಮೆ ಟಕ್ ಟಕ್ ಅಂದರೆ ಅದು ಯಾರದೋ ಹೊಲದ ಸೋಲಾರ್ ಬೇಲಿ. ಅಲ್ಲಿ ಬಳ್ಳಿ ಹಬ್ಬಿ ತಂತಿಗೆ ತಾಗಿರುತ್ತದೆ ಅಥವಾ ಗಂಟು ಸಡಿಲವಾಗಿರುತ್ತದೆ. ಹೊಲದವರಿಗೆ ಹೇಳಿದರೆ ಅವರಿಗೂ ಲಾಭ.

ತಂತಿ ಎಳೆಯುವುದು ಸುಲಭ. ಬದುವಿನ ಗುಂಟ ಬಿದಿರು ಗಳ ನೆಟ್ಟು, ಎರಡು ಎರಡೂವರೆ ಮೀಟರ್ ಎತ್ತರದಲ್ಲಿ ಸುಮಾರು 160 ಮೀಟರ್ ಉದ್ದ. ಕರೆಂಟ್ ಲೈನಿನ ಕೆಳಗೆ, ಮೇಲೆ, ಪಕ್ಕದಲ್ಲಿ ಬೇಡವೇ ಬೇಡ. ಭತ್ತ ಕೊಯ್ಯುವ ಮಷಿನ್ ಹಾಯುವ ದಾರಿಯೂ ಬೇಡ. ದೂರದ ತುದಿಯಲ್ಲಿ 470 ಓಮ್ ರೆಸಿಸ್ಟರ್ ಹಾಕಿ ಭೂಮಿಗೆ ಇಳಿಸಿ. ವೈರ್ ಸುತ್ತಿದ ರೆಸಿಸ್ಟರ್ ನಡೆಯುವುದಿಲ್ಲ. ರೆಸಿಸ್ಟರ್ ಇರುವ ತುದಿ ಯಾವ ಕಡೆಗೋ ಆ ಕಡೆಯದ್ದು ಕೇಳುತ್ತದೆ. ಯುರೋಪ್ ಬೇಕಿದ್ದರೆ ವಾಯವ್ಯ, ಜಪಾನ್ ಬೇಕಿದ್ದರೆ ಈಶಾನ್ಯ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ತಂತಿಯ ಕಡೆ ಸುಮಾರು 450 ಓಮ್, ಕೇಬಲ್ ಕಡೆ 75 ಓಮ್. ನಡುವೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಬೇಕು. ಬಿಎನ್-73-202 ಅನ್ನುವ ಎರಡು ತೂತಿನ ಫೆರೈಟ್ ತುಂಡು ತರಿಸಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈ ಬಿಚ್ಚಿ ಹಳದಿ-ಬಿಳಿ ಉಂಗುರ ತೆಗೆದು ಇದೂ ಅದೇ ಅಲ್ವಾ ಅನ್ನುವವರಿದ್ದಾರೆ, ಅಲ್ಲ, ಅದು ಕಬ್ಬಿಣದ ಪುಡಿಯದು, ಇಲ್ಲಿ ದಂಡ. ಕೇಬಲ್ ಕಡೆ 2 ಸುತ್ತು, ತಂತಿ ಕಡೆ 5 ಸುತ್ತು. ಒಂದು ತೂತಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದರೆ ಒಂದು ಸುತ್ತು. ಅರ್ಧ ಸುತ್ತನ್ನೇ ಒಂದು ಅಂತ ಎಣಿಸಿ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಎರಡು ಸುರುಳಿಗಳು ಎಲ್ಲೂ ಒಂದಕ್ಕೊಂದು ಸೇರಬಾರದು. ತಂತಿ ಕಡೆಯ ಸುರುಳಿಯ ಒಂದು ತುದಿ ತಂತಿಗೆ, ಇನ್ನೊಂದು ಅರ್ಥ್ ರಾಡ್‌ಗೆ. ಕೇಬಲ್ ಕಡೆಯ ಸುರುಳಿ ಕೇಬಲ್‌ಗೆ ಮಾತ್ರ. ಚೆಂದ ಕಾಣಲಿ ಅಂತ ಕಬ್ಬಿಣದ ಡಬ್ಬಿಯಲ್ಲಿಟ್ಟು ಕೇಬಲ್ ಶೀಲ್ಡನ್ನೂ (ಒಳತಂತಿಯ ಸುತ್ತಲಿನ ಲೋಹದ ಹೆಣಿಗೆ) ಅದೇ ರಾಡ್‌ಗೆ ಕಟ್ಟುತ್ತಾರೆ, ಅಲ್ಲಿಗೆ ಕೆಲಸ ಕೆಟ್ಟಿತು. ಮನೆಯ ಗದ್ದಲವೆಲ್ಲ ಶೀಲ್ಡ್‌ನ ಹೊರಮೈ ಹಿಡಿದು ಬಂದು ರಾಡ್ ಮೂಲಕ ಆಂಟೆನಾದೊಳಗೆ ನುಗ್ಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಸಾಕು. ಡಬ್ಬಿಯ ಹೊರಗೆ 31ನೇ ಮಿಶ್ರಣದ (ಮಿಕ್ಸ್ 31) ದೊಡ್ಡ ಫೆರೈಟ್ ಉಂಗುರಕ್ಕೆ ಕೇಬಲನ್ನೇ ಹತ್ತು ಸುತ್ತು ಸುತ್ತಿ. ಅದು ದಾಟಿದ ಮೇಲೆ, ಮನೆ ಕಡೆಗೆ, ಶೀಲ್ಡ್‌ಗೆ ಬೇರೆಯೇ ಒಂದು ರಾಡ್ ಹೊಡೆಯಿರಿ. ಎರಡು ರಾಡ್‌ಗಳ ನಡುವೆ ನಾಲ್ಕೈದು ಮೀಟರ್ ಇರಲಿ.

ಕೇಬಲ್ ಅಂದರೆ ಡಿಶ್ ಟಿವಿಯ ಆರ್‌ಜಿ-6 ಸಾಕು, ಆದರೆ ಒಳ್ಳೆಯದು. ಅಗ್ಗದ್ದರಲ್ಲಿ ಹೆಣಿಗೆ ಎಳೆ ಎಣಿಸುವಷ್ಟೇ ಇರುತ್ತವೆ. ಬೆಸುಗೆ ಹಾಕಲು ಹೋಗಬೇಡಿ, ಅಲ್ಯೂಮಿನಿಯಂ ಹಿಡಿಯುವುದಿಲ್ಲ. ಒತ್ತಿ ಕೂರಿಸುವ ಎಫ್ ಕನೆಕ್ಟರ್ ಹಾಕಿ. ತಿರುಪಿ ಹಾಕುವಂಥವು ಒಂದು ಮಳೆಗೇ ಸಡಿಲ.

ಪರೀಕ್ಷೆ ಹೀಗೆ. ಟ್ರಾನ್ಸ್‌ಫಾರ್ಮರ್‌ನಿಂದ ತಂತಿ, ರಾಡ್ ಎರಡನ್ನೂ ಬಿಚ್ಚಿ ಆ ಜಾಗಕ್ಕೆ 470 ಓಮ್ ರೆಸಿಸ್ಟರ್ ಹಾಕಿ. ಈಗ ರೇಡಿಯೊದಲ್ಲಿ ಬರೀ ಸೆಟ್‌ನ ಸಣ್ಣ ಹಿಸ್ ಅಷ್ಟೇ ಇರಬೇಕು. ಸ್ಟೇಷನ್ ಕೇಳಿದರೆ, ಗೊರಗೊರ ಬಂದರೆ, ಕೇಬಲ್ಲೇ ಆಂಟೆನಾ ಆಗಿದೆ. ಇದು ಸರಿಯಾಗುವ ತನಕ ಮುಂದೆ ಹೋಗಬೇಡಿ, ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಕೊಳ್ಳುವುದಂತೂ ಬೇಡ, ಅದು ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಇದೇ ಹೊತ್ತಿಗೆ ನ್ಯಾನೊ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಮೀಟರ್) ಹಚ್ಚಿ ನೋಡುವವರಿಗೆ ಒಂದು ಮಾತು: ಅದರ ಲೆಕ್ಕ 50 ಓಮ್‌ಗೆ, ಹಾಗಾಗಿ ಓಮ್ ಎಷ್ಟು ಹೊಂದುತ್ತದೆ ಅನ್ನುವ ಎಸ್‌ಡಬ್ಲ್ಯುಆರ್ 1.5 ತೋರಿಸಿದರೆ ಸರಿಯಾಗಿಯೇ ಇದೆ.

ಆಂಟೆನಾ ಜೋಡಿಸಿದ ಮೇಲೆ ಎಸ್ ಮೀಟರ್ (ಸಿಗ್ನಲ್ ಬಲ ತೋರಿಸುವ ಮುಳ್ಳು) ನಿಮ್ಮ ಮಾಮೂಲಿ ಆಂಟೆನಾದಲ್ಲಿ ಇದ್ದುದಕ್ಕಿಂತ ಕೆಳಗಿಳಿಯುತ್ತದೆ. ಇಳಿಯಲಿ ಬಿಡಿ. ಸಿಗ್ನಲ್‌ಗಿಂತ ಗದ್ದಲ ಜಾಸ್ತಿ ಇಳಿದಿದೆಯಾ, ಅದನ್ನು ಕಿವಿಯಿಂದ ನೋಡಿ.

ನಮ್ಮ ಎರೆಭೂಮಿಯ ತಕರಾರು ಬೇಸಿಗೆಯಲ್ಲಿ. ಮಣ್ಣು ಬಿರಿದು ರಾಡ್ ಸುತ್ತ ಸಂದು ಬೀಳುತ್ತದೆ, ಅರ್ಥ್ ಹೋಗುತ್ತದೆ. ಮನೆ ಕಡೆಯ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ತಂತಿಗೂ ರಾಡ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮೀಟರ್‌ನ ಎರಡು ಕಡ್ಡಿ ಅದಲುಬದಲು ಮಾಡಿ ಎರಡು ಸಲ ಅಳೆದು ಸರಾಸರಿ ತೆಗೆಯಿರಿ, ಮಣ್ಣಿನಲ್ಲಿ ಸಣ್ಣ ವೋಲ್ಟೇಜ್ ಇದ್ದೇ ಇರುತ್ತದೆ. 470ಕ್ಕಿಂತ ಸ್ವಲ್ಪ ಮೇಲಿದ್ದರೆ ಚಿಂತೆ ಇಲ್ಲ. ಸಾವಿರಗಟ್ಟಲೆ ಬಂದರೆ ರಾಡ್‌ಗೆ ನೀರು ಹೊಯ್ದು ಮತ್ತೆ ನೋಡಿ. ಏನೂ ತೋರಿಸದಿದ್ದರೆ ತಂತಿ ಹರಿದಿದೆ, ಇಲ್ಲವೇ ಸಿಡಿಲಿಗೆ ರೆಸಿಸ್ಟರ್ ಸುಟ್ಟಿದೆ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಮೋಡ ಕಟ್ಟುವ ಮೊದಲೇ ಕೇಬಲ್ ರೇಡಿಯೊದಿಂದ ಬಿಚ್ಚಿಡಿ.

ಒಂದು ಚೆನ್ನಾಗಿ ಕೇಳತೊಡಗಿದ ಮೇಲೆ ಎರಡನೆಯದ್ದಕ್ಕೆ ಆಸೆಯಾಗುತ್ತದೆ. 160 ಮೀಟರ್ ಬ್ಯಾಂಡ್‌ಗೆ ಸುಮಾರು 80 ಮೀಟರ್ ಪಕ್ಕಕ್ಕೆ ಸರಿದು ಅದೇ ದಿಕ್ಕಿಗೆ ಅಂಥದ್ದೇ ಇನ್ನೊಂದು ತಂತಿ. ಎರಡರ ಕೇಬಲ್ಲೂ ಒಂದೇ ಸುರುಳಿಯಿಂದ ಕತ್ತರಿಸಿ, ಒಂದೇ ಉದ್ದ ಇರಲಿ, ಮಿಕ್ಕಿದ್ದನ್ನು ಸುತ್ತಿಡಿ. ಒಂದೊಂದೇ ಪರೀಕ್ಷೆ ಪಾಸಾದ ಮೇಲೆ ಎರಡನ್ನೂ ಕೂಡಿಸುವ ಕಂಬೈನರ್‌ಗೆ ಸೇರಿಸಿ. ಬೇರೆ ಬೇರೆ ಚೆನ್ನಾಗಿ ಕೇಳಿ, ಸೇರಿಸಿದ ಕೂಡಲೇ ಎದುರಿನ ಸಿಗ್ನಲ್ ಮಾಯವಾದರೆ ಗಾಬರಿ ಬೇಡ, ಒಂದು ಟ್ರಾನ್ಸ್‌ಫಾರ್ಮರ್ ಉಲ್ಟಾ ಆಗಿದೆ. ಅದರ 5 ಸುತ್ತಿನ ಸುರುಳಿಯ ಎರಡು ತುದಿ ಅದಲುಬದಲು ಮಾಡಿ.