ಬ್ಯಾಡ್ಜ್ ಇಲ್ಲದ ಕಾರಿಗೆ ಹೆಸರು ಹುಡುಕಿದ್ದು

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಗ್ಯಾರೇಜಿನಲ್ಲಿ ಒಂದು ಕಾರಿತ್ತು. ಅಜ್ಜ ತೀರಿಕೊಂಡ ಮೇಲೆ ಅದರ ಹೊದಿಕೆಯನ್ನು ಬಹಳ ದಿನ ಯಾರೂ ತೆಗೆದಿರಲಿಲ್ಲ. ಹಳೇ ಕಾರು ಕೊಳ್ಳುವವನೊಬ್ಬ ಬಂದು, ಇದು ಯಾರೋ ಮನೆಯಲ್ಲಿ ಜೋಡಿಸಿದ ಕಿಟ್ ಕಾರು ಎಂದು ಹೇಳಿ ತೀರಾ ಕಮ್ಮಿ ಬೆಲೆಗೆ ಕೇಳಿ ಹೋಗಿದ್ದ. ನಾನು ರಿಪೇರಿ ಕೆಲಸದವನು ಅಂತ ಅಜ್ಜಿಗೆ ಗೊತ್ತು. ಒಂದು ಸಲ ನೋಡ್ತೀಯಾ ಎಂದು ಕೇಳಿದರು.

ನಂಬರ್ ಪ್ಲೇಟ್ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಇಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಕಂಪನಿ, ಬಣ್ಣ, ಎಂಜಿನ್ ಎಷ್ಟು ಸಿಸಿ, ಮೊದಲು ನೋಂದಣಿಯಾದ ವರ್ಷ ಎಲ್ಲ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಅಜ್ಜ ಎರಡೂ ಪ್ಲೇಟ್ ಬಿಚ್ಚಿ ಎಲ್ಲೋ ಇಟ್ಟಿದ್ದರು. ಕಾಗದಪತ್ರವೂ ಸಿಕ್ಕಿರಲಿಲ್ಲ. ಬ್ಯಾಡ್ಜ್ ಇರಬೇಕಾದ ಜಾಗದಲ್ಲಿ ಎರಡು ತೂತು ಅಷ್ಟೇ.

ಹೊದಿಕೆ ತೆಗೆದಾಗ ನನಗೆ ಮೊದಲು ಅನಿಸಿದ್ದು 1930ರ ದಶಕದ ಕಾರು ಅಂತಲೇ. ಉದ್ದ ಬಾನೆಟ್, ಅಲೆಯ ಹಾಗೆ ಇಳಿದು ಬರುವ ಮಡ್‌ಗಾರ್ಡು, ಕಾಲಿಟ್ಟು ಹತ್ತಲು ಪಟ್ಟಿ. ಹಳೇ ಆಕಾರದ ಕಾರು ಮಾಡುವ ಬ್ರಿಟಿಷ್ ಕಂಪನಿ ಮಾರ್ಗನ್‌ನದು ಇರಬಹುದಾ? ಮುಂದಿನ ಚಕ್ರದ ಹಿಂದೆ ಟಾರ್ಚ್ ಹಾಕಿ ನೋಡಿದೆ. ಮಾರ್ಗನ್ ಆಗಿದ್ದರೆ ಅಲ್ಲಿ ನೆಟ್ಟಗೆ ನಿಂತ ಕಂಬ, ಅದಕ್ಕೆ ಸುತ್ತಿದ ಸ್ಪ್ರಿಂಗ್ ಕಾಣಬೇಕು. ಆ ಕಂಪನಿ 1909ರಲ್ಲಿ ಶುರುವಾದಾಗಿನಿಂದ ದಶಕಗಟ್ಟಲೆ ಅದನ್ನೇ ಹಾಕುತ್ತಾ ಬಂತು. ಇಲ್ಲಿ ಇದ್ದದ್ದು ಮೇಲೊಂದು ಕೆಳಗೊಂದು ತೋಳಿರುವ ಮಾಮೂಲಿ ಸಸ್ಪೆನ್ಷನ್. ಮಾರ್ಗನ್ ಅಲ್ಲ. ಎಂಜಿ ಕಂಪನಿಯ ಹಳೇ ಟಿಡಿ, ಟಿಎಫ್ ಕಾರುಗಳ ಬಾಗಿಲಿಗೆ ಹಿಂಜ್ ಹಿಂದುಗಡೆ ಇರುತ್ತದೆ, ಇದಕ್ಕೆ ಮುಂದೆ ಇತ್ತು. ಅದೂ ಅಲ್ಲ.

ಆಮೇಲೆ ಅಜ್ಜಿಯ ಫ್ರಿಜ್ ಮೇಲಿದ್ದ, ಬ್ರೈಟನ್ ಊರಿನ ನೆನಪಿನ ಮ್ಯಾಗ್ನೆಟ್ ತಂದು, ಬಣ್ಣ ಗೀಚಬಾರದು ಅಂತ ಕರ್ಚೀಫಿನಲ್ಲಿ ಸುತ್ತಿ ಬಾನೆಟ್ ಮೇಲೆ ಇಟ್ಟೆ. ಜಾರಿ ಬಿತ್ತು. ಅಂದರೆ ಫೈಬರ್ ಅಥವಾ ಅಲ್ಯುಮಿನಿಯಂ. ಬೆರಳಿನ ಗೆಣ್ಣಿನಿಂದ ತಟ್ಟಿದೆ. ಫೈಬರ್ ಆಗಿದ್ದರೆ ಪ್ಲಾಸ್ಟಿಕ್ ಬಕೆಟ್ ಹಾಗೆ ಡಬ್ ಅನ್ನಬೇಕು, ಇದು ಇಡ್ಲಿ ಪಾತ್ರೆ ತಟ್ಟಿದ ಹಾಗೆ ಅಂತು. ಒಳಗಡೆ ಬಣ್ಣ ಚೂರು ಎದ್ದಿದ್ದ ಕಡೆ ಬೆಳ್ಳಗೆ ಲೋಹ, ತುಕ್ಕಿನ ಸುಳಿವಿಲ್ಲ. ಮನೆಯಲ್ಲಿ ಜೋಡಿಸುವ ಕಿಟ್ ಕಾರುಗಳಿಗೆ ಸಾಮಾನ್ಯವಾಗಿ ಫೈಬರ್ ಬಾಡಿ ಇರುತ್ತದೆ, ಅಲ್ವಾ? ಆ ವ್ಯಾಪಾರಿಯ ಮಾತಿನ ಮೇಲೆ ನನಗೆ ಅನುಮಾನ ಶುರುವಾಗಿದ್ದೇ ಇಲ್ಲಿ.

ಇಂಥ ಕಾರುಗಳಲ್ಲಿ ಹೊರಗಿನ ಆಕಾರ ನೋಡಿ ಮೋಸ ಹೋಗೋದು ಸುಲಭ. ಸಣ್ಣ ಕಂಪನಿಗಳಿಗೆ ಎಂಜಿನ್, ಸ್ಟಿಯರಿಂಗ್ ಕಾಲಮ್, ಸ್ವಿಚ್ಚು ಎಲ್ಲ ತಾವೇ ಮಾಡಲು ದುಡ್ಡಿರುವುದಿಲ್ಲ, ದೊಡ್ಡ ಕಂಪನಿಯಿಂದ ತಂದು ಹಾಕುತ್ತಾರೆ. ಸೀಟಿನಲ್ಲಿ ಕೂತು ಇಂಡಿಕೇಟರ್ ಕಡ್ಡಿ ಮುಟ್ಟಿದೆ. ಕೈಗೆ ತಕ್ಷಣ ಗೊತ್ತಾಯಿತು, ಫೋರ್ಡ್. ಎಂಬತ್ತರ ದಶಕದ ಫೋರ್ಡ್‌ಗಳಲ್ಲಿ ಅದನ್ನು ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಬಾನೆಟ್ ಎತ್ತಿದರೆ ಫೋರ್ಡಿನ 2.8 ಲೀಟರ್ ವಿ6, ಅಂದರೆ ಆರು ಸಿಲಿಂಡರಿನ ಎಂಜಿನ್, ಅವರ ಗ್ರಾನಡಾ ಕಾರಿನಲ್ಲಿ ಬರುತ್ತಿದ್ದದ್ದೇ.

ವಿಂಟೇಜ್ ವೇಷ, ಅಲ್ಯುಮಿನಿಯಂ ಬಾಡಿ, ಫೋರ್ಡ್ ವಿ6. ಮೂರೂ ಸೇರಿದರೆ ನನ್ನ ತಲೆಗೆ ಬಂದದ್ದು ಒಂದೇ ಹೆಸರು, ಪ್ಯಾಂಥರ್ ಕಲಿಸ್ಟಾ. ರಾಬರ್ಟ್ ಜಾಂಕೆಲ್ 1972ರಲ್ಲಿ ಸರ‍್ರೆಯಲ್ಲಿ ಶುರು ಮಾಡಿದ ಕಂಪನಿ ಅದು. ಅವರ ಇದಕ್ಕಿಂತ ಹಿಂದಿನ ಮಾದರಿ ಲೀಮಾ ಕೂಡ ನೋಡಲು ಹೀಗೇ ಇರುತ್ತದೆ, ಆದರೆ ಅದು ಫೈಬರ್, ಎಂಜಿನ್ ವಾಕ್ಸ್‌ಹಾಲ್‌ನದು, ಬಾಗಿಲು ಎಂಜಿ ಮಿಡ್ಜೆಟ್‌ನದು. 1980ರಲ್ಲಿ ಕಂಪನಿ ಕೊರಿಯಾದವರ ಕೈಗೆ ಹೋಯಿತು. 1982ರಲ್ಲಿ ಬಂದ ಕಲಿಸ್ಟಾದ ಬಾಡಿ ತಯಾರಾಗುತ್ತಿದ್ದದ್ದು ದಕ್ಷಿಣ ಕೊರಿಯಾದಲ್ಲಿ. ಅಪ್ಪಟ ಬ್ರಿಟಿಷ್ ಅನ್ನುವವರ ಮುಂದೆ ಇದನ್ನು ಸುಮ್ನೆ ಒಂದು ಸಲ ಹೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

ಊಹೆ ಸಾಲದು ಅಂತ ಗ್ರೀಸು ಮೆತ್ತಿದ್ದ ಚಾಸಿಸ್ ಪ್ಲೇಟನ್ನು, ಅಂದರೆ ಕಂಪನಿಯ ಹೆಸರು, ನಂಬರ್ ಇರುವ ತಗಡನ್ನು, ಬಟ್ಟೆಯಲ್ಲಿ ಉಜ್ಜಿದೆ. ಮೊದಲು ಪಿ ಕಂಡಿತು, ನಿಧಾನವಾಗಿ ಉಳಿದದ್ದೂ. ಪ್ಯಾಂಥರ್ ಅಂತ ಓದಿ ಹೇಳಿದ ಕೂಡಲೇ ಅಜ್ಜಿ ಬಾಗಿಲಿಗೆ ಒರಗಿ ನಗಲು ಶುರು ಮಾಡಿದರು. ಅಜ್ಜ ಭಾನುವಾರ ಬಂದರೆ ಸಾಕು, ಬೆಕ್ಕಿಗೆ ಊಟ ಹಾಕಿ ಬರ್ತೀನಿ ಅಂತ ಗ್ಯಾರೇಜಿಗೆ ಹೋಗುತ್ತಿದ್ದರಂತೆ. ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಒಳಗೆ ಹೋಗಿ ಮೇಜಿನ ಡ್ರಾಯರಿನಿಂದ ಒಂದು ದಪ್ಪ ಲಕೋಟೆ ತಂದರು. ಮೇಲೆ ಅಜ್ಜನ ಅಕ್ಷರದಲ್ಲಿ ಬೆಕ್ಕು ಅಂತ ಬರೆದಿತ್ತು. ಲಾಗ್‌ಬುಕ್, ಅಂದರೆ ಕಾರಿನ ನೋಂದಣಿ ಪತ್ರ, ಅದರೊಳಗೇ ಇತ್ತು.